ಎಫೆಕ್ಟ್ ಮೇಲೆ ಎಫೆಕ್ಟ್ ಹಾಕಿದ ಮೇಲೆ ಬ್ಲ್ಯಾಕ್‌ಔಟ್ ಆಗುತ್ತಿಲ್ಲ. ನೀವು ಪ್ರೀಸೆಟ್ ಹೇಗೆ ಜೋಡಿಸಿಕೊಳ್ಳುತ್ತೀರಿ?

ಹಿಂಪರದೆ
ಗೆಳೆಯರೇ, ನಮ್ಮ ತಂಡದ ನಾಟಕಕ್ಕೆ ಕ್ಯೂಎಲ್‌ಸಿ ಪ್ಲಸ್ ಅನ್ನುವ ಉಚಿತ ಲೈಟಿಂಗ್ ಸಾಫ್ಟ್‌ವೇರ್‌ನಲ್ಲಿ ಲೈಟ್ ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್, ಯುಎಸ್‌ಬಿ ಡಿಎಂಎಕ್ಸ್ ಡಾಂಗಲ್ (ದೀಪಗಳಿಗೆ ಸಿಗ್ನಲ್ ಕಳಿಸಲು), ಎಂಟು ಎಲ್‌ಇಡಿ ಪಾರ್ ದೀಪ, ನಾಲ್ಕು ಮೂವಿಂಗ್ ಹೆಡ್ (ತಾನೇ ತಿರುಗುವ ದೀಪ), ಡಿಮ್ಮರ್ ಮೇಲೆ ಒಂದಿಷ್ಟು ಹ್ಯಾಲೋಜನ್. ಎರಡನೇ ಅಂಕದಲ್ಲಿ ಮಳೆಯ ದೃಶ್ಯ ಇದೆ. ಅದಕ್ಕೆ ತಳದಲ್ಲಿ ಒಂದು ನೀಲಿ ಸೀನ್ (ಉಳಿಸಿಟ್ಟ ಬೆಳಕಿನ ಸ್ಥಿತಿ), ಅದರ ಮೇಲೆ ಪಾರ್‌ಗಳಲ್ಲಿ ನೀರಿನ ಹಾಗೆ ಅಲುಗುವ ಆರ್‌ಜಿಬಿ ಮ್ಯಾಟ್ರಿಕ್ಸ್ (ಬಣ್ಣ ಓಡಿಸುವ ಎಫೆಕ್ಟ್), ಅದರ ಮೇಲೆ ಮಿಂಚಿನ ಚೇಸರ್ (ಒಂದರ ನಂತರ ಒಂದು ಹೆಜ್ಜೆ ಓಡುವುದು). ಮೂವಿಂಗ್ ಹೆಡ್‌ಗಳಿಗೆ ಬೇರೆ ಇಎಫ್‌ಎಕ್ಸ್ (ಚಲನೆಯ ಎಫೆಕ್ಟ್), ನಿಧಾನಕ್ಕೆ ಸುತ್ತುತ್ತಿರುತ್ತವೆ.

ಈಗ ಸಮಸ್ಯೆ. ಮಳೆ ಮುಗಿದ ಮೇಲೆ ಪೂರ್ತಿ ಕತ್ತಲೆಯ ಕ್ಯೂ (ಬೆಳಕು ಬದಲಾಗುವ ಹೆಜ್ಜೆ). ಮುಂದಿನ ಕ್ಯೂಗೆ ಹೋಗುವ ಗೋ ಬಟನ್ ಒತ್ತಿದರೆ ಹ್ಯಾಲೋಜನ್ ಇಳಿಯುತ್ತದೆ, ಪಾರ್‌ಗಳು ಮಾತ್ರ ಅಲುಗುತ್ತಲೇ ಇರುತ್ತವೆ. ಅದರ ಮುಂದಿನದು ಕೆಂಪು ಸೀನ್, ಅಲ್ಲಿ ಕೆಂಪಿನ ಬದಲು ಗುಲಾಬಿ ಬರುತ್ತದೆ. ಮೂವಿಂಗ್ ಹೆಡ್‌ಗಳು ಎಫೆಕ್ಟ್ ನಿಂತ ಮೇಲೆ ಒಂದೊಂದು ಒಂದೊಂದು ಕಡೆ ಗೋಡೆ ನೋಡುತ್ತಾ ನಿಲ್ಲುತ್ತವೆ. ಉಳಿಸಿಟ್ಟ ಪ್ರೀಸೆಟ್‌ಗಳೂ ಈಗ ರಾಶಿ ಬಿದ್ದಿವೆ, ಯಾವುದರಲ್ಲಿ ಏನಿದೆ ಅಂತಲೇ ಗೊತ್ತಾಗುತ್ತಿಲ್ಲ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಫೇಡರ್‌ಮ್ಯಾನ್
ಬ್ಲ್ಯಾಕ್‌ಔಟ್ ಬಟನ್ ಇದೆಯಲ್ಲ, ಅದನ್ನೇ ಒತ್ತಿ.

ಹಿಂಪರದೆ
ಒತ್ತಿದರೆ ಕತ್ತಲೆ ಆಗುತ್ತದೆ ಸರ್. ತೆಗೆದ ತಕ್ಷಣ ಮಳೆ ವಾಪಸ್ ಬರುತ್ತದೆ.

ಪ್ಯಾಚ್_ಪಟ್ಟಿ
ಮೂರಕ್ಕೂ ಬೇರು ಒಂದೇ. ಚಾನೆಲ್ ಅಂದರೆ ದೀಪದ ಒಂದೊಂದು ಗುಣಕ್ಕೆ 0ರಿಂದ 255ರವರೆಗಿನ ಒಂದು ಬೆಲೆ. ಕ್ಯೂಎಲ್‌ಸಿ ಪ್ಲಸ್‌ನಲ್ಲಿ ಇಂಟೆನ್ಸಿಟಿ (ಬೆಳಕಿನ ಪ್ರಮಾಣ) ಗುಂಪಿನ ಚಾನೆಲ್‌ಗಳು ಎಚ್‌ಟಿಪಿ (ಹೈಯೆಸ್ಟ್ ಟೇಕ್ಸ್ ಪ್ರಿಸಿಡೆನ್ಸ್). ಒಂದೇ ಚಾನೆಲ್‌ಗೆ ಎರಡು ಕಡೆಯಿಂದ ಬೆಲೆ ಬಂದರೆ ದೊಡ್ಡದು ಗೆಲ್ಲುತ್ತದೆ. ನಿಮ್ಮ ಕತ್ತಲೆ ಸೀನ್ 0 ಕಳಿಸುತ್ತಿದೆ, ಮ್ಯಾಟ್ರಿಕ್ಸ್ 140 ಕಳಿಸುತ್ತಿದೆ ಅಂದುಕೊಳ್ಳಿ. ಹೊರಗೆ ಹೋಗುವುದು 140. ಎಚ್‌ಟಿಪಿಯಲ್ಲಿ 0 ಯಾವತ್ತೂ ಯಾರನ್ನೂ ಸೋಲಿಸುವುದಿಲ್ಲ.

ಬಣ್ಣದ ಕಥೆಯೂ ಇದೇ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನೂ ಈ ಸಾಫ್ಟ್‌ವೇರ್ ಇಂಟೆನ್ಸಿಟಿ ಅಂತಲೇ ಲೆಕ್ಕ ಹಿಡಿಯುತ್ತದೆ. ಮಳೆಯಿಂದ ನೀಲಿ ಇನ್ನೂ ಬರುತ್ತಿದೆ, ನೀವು ಮೇಲಿಂದ ಕೆಂಪು ಕೊಟ್ಟಿರಿ. ಎರಡೂ ಸೇರಿ ಗುಲಾಬಿ.

ಪ್ಯಾನ್, ಟಿಲ್ಟ್ (ಹೆಡ್ ಪಕ್ಕಕ್ಕೆ, ಮೇಲೆ ಕೆಳಗೆ ತಿರುಗುವುದು) ಮಾತ್ರ ಎಲ್‌ಟಿಪಿ (ಲೇಟೆಸ್ಟ್ ಟೇಕ್ಸ್ ಪ್ರಿಸಿಡೆನ್ಸ್). ಕೊನೆಗೆ ಯಾರು ಹೇಳಿದರೋ ಅವರ ಮಾತೇ ನಡೆಯುತ್ತದೆ. ಇಎಫ್‌ಎಕ್ಸ್ ನಿಂತಾಗ ಕೊನೆಯ ಬೆಲೆ ಹಾಗೇ ಉಳಿಯುತ್ತದೆ. ಬೇರೆ ಯಾರೂ ಹೊಸ ಜಾಗ ಹೇಳದಿದ್ದರೆ ಹೆಡ್ ಅಲ್ಲೇ ನಿಲ್ಲಬೇಕು, ಇನ್ನೆಲ್ಲಿಗೆ ಹೋದೀತು?

ಒಂದು ಪ್ರಶ್ನೆ. ಮಳೆಯ ಮ್ಯಾಟ್ರಿಕ್ಸನ್ನು ಶುರು ಮಾಡುವುದು ಎಲ್ಲಿಂದ? ಕ್ಯೂ ಲಿಸ್ಟಿನಿಂದಲೋ, ಬೇರೆ ಬಟನ್‌ನಿಂದಲೋ?

ಹಿಂಪರದೆ
ಬೇರೆ ಬಟನ್. ಮಿಂಚು, ಮಳೆ, ಸುತ್ತುವುದು, ಮೂರಕ್ಕೂ ಒಂದೊಂದು ಬಟನ್ ಇಟ್ಟಿದ್ದೇನೆ. ನಟರ ಟೈಮಿಂಗ್ ದಿನಾ ಬದಲಾಗುತ್ತದೆ, ಅದಕ್ಕೆ.

ಪ್ಯಾಚ್_ಪಟ್ಟಿ
ಸಿಕ್ಕಿತು. ಕ್ಯೂ ಲಿಸ್ಟ್ ತಾನು ಶುರು ಮಾಡಿದ್ದನ್ನು ಮಾತ್ರ ನಿಲ್ಲಿಸುತ್ತದೆ. ಬಟನ್‌ನಿಂದ ಶುರುವಾದ ಮಳೆ ಅದಕ್ಕೆ ಗೊತ್ತೇ ಇಲ್ಲ.

ಹೀಗೆ ಮಾಡಿ. ಒಂದು ಕಲೆಕ್ಷನ್, ಅಂದರೆ ಹಲವನ್ನು ಒಟ್ಟಿಗೆ ಓಡಿಸುವ ಗುಂಪು, ಮಾಡಿಕೊಳ್ಳಿ. ಅದರೊಳಗೆ ನೀಲಿ ಸೀನ್, ಮ್ಯಾಟ್ರಿಕ್ಸ್, ಇಎಫ್‌ಎಕ್ಸ್ ಮೂರನ್ನೂ ಸೇರಿಸಿ. ಕ್ಯೂ ಲಿಸ್ಟಿನ ಚೇಸರ್‌ನಲ್ಲಿ ಮಳೆಯ ಹೆಜ್ಜೆಗೆ ಆ ಕಲೆಕ್ಷನ್ ಕೊಡಿ. ಗೋ ಒತ್ತಿದಾಗ ಹಿಂದಿನ ಹೆಜ್ಜೆ ನಿಲ್ಲುತ್ತದೆ, ಅದರೊಳಗಿನ ಎಲ್ಲವೂ ಜೊತೆಗೇ ನಿಲ್ಲುತ್ತವೆ. ಮಿಂಚು ಒಂದನ್ನು ಮಾತ್ರ ಬಟನ್‌ನಲ್ಲಿ ಇಟ್ಟುಕೊಳ್ಳಿ, ಅದು ನಿಜಕ್ಕೂ ಕೈಯಲ್ಲಿ ಇರಬೇಕಾದದ್ದು. ಲೂಪ್ ಬೇಡ, ಒಂದು ಸಲ ಓಡಿ ತಾನೇ ಮುಗಿಯಲಿ.

ಹೇಜ್_ಹುಡುಗ
ಇಷ್ಟೆಲ್ಲ ಯಾಕೆ? ಚಾನೆಲ್ ಪ್ರಾಪರ್ಟೀಸ್‌ಗೆ ಹೋಗಿ ಪಾರ್‌ಗಳ ಆರ್‌ಜಿಬಿಯನ್ನು ಎಲ್‌ಟಿಪಿ ಮಾಡಿಬಿಡಿ. ದೊಡ್ಡ ಕನ್ಸೋಲ್‌ಗಳಲ್ಲಿ ಬಣ್ಣ ಎಲ್‌ಟಿಪಿಯೇ ಅಲ್ವಾ. ಕೆಂಪು ಹಾಕಿದರೆ ಕೆಂಪೇ ಬರುತ್ತದೆ.

ಪ್ಯಾಚ್_ಪಟ್ಟಿ
ಕೆಂಪು ಬರುತ್ತದೆ, ಸರಿ. ಆದರೆ ಎಲ್‌ಟಿಪಿ ಮಾಡಿದ ಮೇಲೆ ಸೀನ್ ನಿಂತರೂ ಚಾನೆಲ್ 0ಗೆ ಇಳಿಯುವುದಿಲ್ಲ, ಕೊನೆಯ ಬಣ್ಣ ಉರಿಯುತ್ತಲೇ ಇರುತ್ತದೆ. ಆಗ ಪ್ರತಿ ಸೀನ್‌ನಲ್ಲೂ ಎಂಟೂ ಪಾರ್‌ಗೆ 0 ಬರೆಯಬೇಕು. ಇನ್ನೊಂದು, ಸೀನ್‌ನ ಫೇಡ್ ಔಟ್ ಇಂಟೆನ್ಸಿಟಿ ಚಾನೆಲ್‌ಗಳಿಗೆ ಮಾತ್ರ ಅಂತ ಮಾಡಿರುವುದು. ಪಾರ್‌ನಲ್ಲಿ ಬೇರೆ ಡಿಮ್ಮರ್ ಚಾನೆಲ್ ಇದ್ದರೆ ನಿಮ್ಮ ದಾರಿ ನಡೆಯುತ್ತದೆ: ಬಣ್ಣ ಎಲ್‌ಟಿಪಿ, ಡಿಮ್ಮರ್ ಎಚ್‌ಟಿಪಿ. ಬರೀ ಮೂರು ಚಾನೆಲ್ ಮೋಡ್‌ನಲ್ಲಿ ಇಟ್ಟಿದ್ದರೆ ಕೈಹಾಕಬೇಡಿ.

ಹೇಜ್_ಹುಡುಗ
ನಾನು ಹೇಳಿದ್ದು ಡಿಮ್ಮರ್ ಚಾನೆಲ್ ಇರುವ ಪಾರ್‌ಗೇ. ಈಗ ಬರುವ ಬಹುತೇಕ ಪಾರ್‌ಗಳಲ್ಲಿ ಏಳು ಚಾನೆಲ್ ಮೋಡ್ ಇದ್ದೇ ಇರುತ್ತದೆ.

ಹಿಂಪರದೆ
ನಮ್ಮದು ಏಳು ಚಾನೆಲ್ ಮೋಡ್. ಮೊದಲನೆಯದೇ ಡಿಮ್ಮರ್.

ಟ್ರಸ್_ಕೆಳಗೆ
ಹಾಗಿದ್ದರೆ ಅಸಲು ವಿಷಯಕ್ಕೆ ಬನ್ನಿ. ನಿಮ್ಮ ಪ್ರೀಸೆಟ್‌ಗಳು ರಾಶಿ ಬಿದ್ದಿರುವುದು ಯಾಕೆ ಗೊತ್ತಾ? ಪ್ರತಿಯೊಂದರಲ್ಲೂ ಎಲ್ಲ ಚಾನೆಲ್ ಇದೆ. ಸಿಂಪಲ್ ಡೆಸ್ಕ್‌ನಲ್ಲಿ ಫೇಡರ್ ಎತ್ತಿ, ಚೆನ್ನಾಗಿ ಕಂಡಾಗ ಡಂಪ್ (ಈಗಿನ ಬೆಲೆಗಳನ್ನು ಸೀನ್ ಆಗಿ ಉಳಿಸುವ ಬಟನ್) ಒತ್ತಿ, ಎಲ್ಲ ಚಾನೆಲ್ ಅಂತ ಕೊಟ್ಟಿರುತ್ತೀರಿ. ಆಗ "ನೀಲಿ" ಅನ್ನುವ ಸೀನ್‌ನೊಳಗೆ ನೀಲಿ ಬಣ್ಣ, ಆವತ್ತಿನ ಡಿಮ್ಮರ್, ಆವತ್ತು ಮೂವಿಂಗ್ ಹೆಡ್ ನೋಡುತ್ತಿದ್ದ ದಿಕ್ಕು, ಸ್ಟ್ರೋಬ್ (ಪಟಪಟ ಮಿನುಗು), ಎಲ್ಲ ಕೂತಿರುತ್ತದೆ. ಅದನ್ನು ಇನ್ನೊಂದರ ಮೇಲೆ ಹಾಕಿದರೆ ಜಗಳ ಬರದೇ ಇರುತ್ತದಾ?

ಗ್ರ್ಯಾಂಡ್ ಎಂಎ ಅನ್ನುವ ದೊಡ್ಡ ಲೈಟ್ ಕನ್ಸೋಲ್ ತೆಗೆದು ನೋಡಿ. ಪ್ರೀಸೆಟ್ ಪೂಲ್‌ಗಳೇ ಬೇರೆ ಬೇರೆ: ಡಿಮ್ಮರ್, ಪೊಸಿಷನ್, ಗೊಬೊ (ಬೆಳಕಿನಲ್ಲಿ ಚಿತ್ತಾರ ಮೂಡಿಸುವುದು), ಕಲರ್, ಬೀಮ್, ಫೋಕಸ್. ಇಟಿಸಿ ಕಂಪನಿಯ ಇಯೋಸ್ ಕನ್ಸೋಲ್‌ನಲ್ಲೂ ಇಂಟೆನ್ಸಿಟಿ, ಫೋಕಸ್, ಕಲರ್, ಬೀಮ್ ಅಂತ ನಾಲ್ಕು ಪ್ಯಾಲೆಟ್. ಈ ವಿಂಗಡಣೆ ಚೆಂದಕ್ಕೆ ಮಾಡಿದ್ದಲ್ಲ. ಕಲರ್ ಪ್ರೀಸೆಟ್‌ಗೆ ಪೊಸಿಷನ್ ಮುಟ್ಟುವ ಅಧಿಕಾರ ಇಲ್ಲದಿದ್ದರೆ, ಬಣ್ಣ ಬದಲಿಸಿದಾಗ ಹೆಡ್ ತಿರುಗುವುದಿಲ್ಲ. ಪದರ ಪದರವಾಗಿ ಎಫೆಕ್ಟ್ ಹಾಕಬೇಕಾದರೆ ಇದೊಂದೇ ದಾರಿ. ನೀವೂ ಅದನ್ನೇ ಮಾಡಿ. ಸೀನ್ ಎಡಿಟರ್‌ನಲ್ಲಿ ಪ್ರತಿ ಚಾನೆಲ್ ಪಕ್ಕದಲ್ಲೂ ಟಿಕ್ ಇರುತ್ತದೆ. ಬಣ್ಣದ ಸೀನ್‌ನಲ್ಲಿ ಆರ್‌ಜಿಬಿ ಬಿಟ್ಟು ಉಳಿದದ್ದಕ್ಕೆಲ್ಲ ಟಿಕ್ ತೆಗೆಯಿರಿ. ಜಾಗದ ಸೀನ್‌ನಲ್ಲಿ ಪ್ಯಾನ್, ಟಿಲ್ಟ್ ಮಾತ್ರ. ಹೆಸರಿನ ಮುಂದೆಯೇ ಬರೆಯಿರಿ: "ಬಣ್ಣ ನೀಲಿ", "ಜಾಗ ಮಧ್ಯೆ", "ಬೆಳಕು ಅರ್ಧ". ಪಟ್ಟಿ ತಾನೇ ಗುಂಪಾಗಿ ಕೂರುತ್ತದೆ.

ಎಫೆಕ್ಟ್‌ಗೂ ಇದೇ ನಿಯಮ. ಅಲುಗಿಸಬೇಕಾದ್ದು ಯಾವುದೋ ಅದೊಂದು ಚಾನೆಲ್ ಮಾತ್ರ ಎಫೆಕ್ಟ್‌ನಲ್ಲಿ ಇರಬೇಕು.

ಧಾರವಾಡ_ರಂಗ
ಇದಕ್ಕೊಂದು ಸಣ್ಣ ಸೇರ್ಪಡೆ ರೀ. ಪದರದ ತಳ ಎಷ್ಟು ಎತ್ತರ ಇದೆ ಅಂತ ನೋಡಿಕೊಳ್ಳಿ. ಎಚ್‌ಟಿಪಿಯಲ್ಲಿ ನೀಲಿ ಸೀನ್ 255 ಇದ್ದರೆ ಮೇಲಿನ ಮ್ಯಾಟ್ರಿಕ್ಸಿನ ನೀಲಿ ಕಾಣುವುದೇ ಇಲ್ಲ, ಎಲ್ಲ ಮುಳುಗಿ ಹೋಗುತ್ತದೆ. ತಳವನ್ನು 70, 80ಕ್ಕೆ ಇಳಿಸಿರಿ. ಆಗ ಅಲೆ ಆ ತಳದಿಂದ ಮೇಲಕ್ಕೆ ಏರಿ ಇಳಿಯುತ್ತದೆ, ನೀರು ನೀರಿನ ಹಾಗೆ ಕಾಣುತ್ತದೆ. ಎಫೆಕ್ಟ್ ಕಾಣುತ್ತಿಲ್ಲ ಅಂತ ಸ್ಪೀಡ್ ಜಾಸ್ತಿ ಮಾಡುತ್ತಾ ಕೂರುವವರನ್ನು ನೋಡಿದ್ದೇನೆ, ಸ್ಪೀಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಮಿಂಚಿಗೆ ಮಾತ್ರ ಎಚ್‌ಟಿಪಿ ಬಹಳ ಛಲೋ. ಬಿಳಿ ಪೂರ್ತಿ ಎತ್ತಿದರೆ ತಳದ ನೀಲಿಯನ್ನು ನುಂಗಿ ಮೇಲೆ ಬರುತ್ತದೆ, ಬಿಟ್ಟರೆ ನೀಲಿ ಅಲ್ಲೇ ಇರುತ್ತದೆ. ಮಿಂಚಿಗೆ ಹ್ಯಾಲೋಜನ್ ಬೇಡ. ತಂತಿ ಕಾಯಲು, ಆರಲು ಹೊತ್ತು ಬೇಕು, ಮಿಂಚು ಮೆತ್ತಗಾಗುತ್ತದೆ.

ಹಿಂಪರದೆ
ಮಿಂಚಿನ ಹೋಲ್ಡ್ (ಉರಿದು ನಿಲ್ಲುವ ಹೊತ್ತು) ಎಷ್ಟು ಇಡಲಿ? ಈಗ 10 ಮಿಲಿಸೆಕೆಂಡ್ ಇಟ್ಟಿದ್ದೇನೆ, ಕೆಲವು ಸಲ ಹೊಡೆಯುತ್ತದೆ, ಕೆಲವು ಸಲ ಇಲ್ಲ.

ಧಾರವಾಡ_ರಂಗ
ಹೊಡೆಯುವುದಿಲ್ಲ ರೀ. 512 ಚಾನೆಲ್ಲಿನ ಒಂದು ಡಿಎಂಎಕ್ಸ್ ಪ್ಯಾಕೆಟ್ ಹೋಗಲು ಸುಮಾರು 23 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 44 ಸಲ, ಅಷ್ಟೇ. ನಿಮ್ಮ 10 ಮಿಲಿಸೆಕೆಂಡ್ ಎರಡು ಪ್ಯಾಕೆಟ್ ನಡುವೆ ಬಿದ್ದು ಹೋಗುತ್ತದೆ. 60 ಇಡಿರಿ. ಏರುವುದು 0, ಇಳಿಯುವುದು 300, 400. ಒಂದು ದೊಡ್ಡದು, ಹಿಂದೆಯೇ ಎರಡು ಸಣ್ಣವು, ನಡುವಿನ ಅಂತರ ಒಂದೇ ಥರ ಬೇಡ.

ಆರ್ಕೆಸ್ಟ್ರಾ_ಆಪರೇಟರ್
ನಾಟಕದವರು ಎಲ್ಲವನ್ನೂ ಕ್ಯೂ ಲಿಸ್ಟಿಗೆ ಹಾಕಿ ಅನ್ನುತ್ತಿದ್ದೀರಿ. ನಮ್ಮ ರಸಮಂಜರಿಗೆ ಅದು ಆಗದ ಮಾತು. ಗಾಯಕರು ಯಾವ ಹಾಡು ಎತ್ತುತ್ತಾರೆ ಅಂತ ಅವರಿಗೇ ಕೊನೆ ಕ್ಷಣದವರೆಗೆ ಗೊತ್ತಿರುವುದಿಲ್ಲ. ಗಣೇಶನ ಹಬ್ಬದ ಪೆಂಡಾಲ್‌ನಲ್ಲಿ ಲಿಸ್ಟ್ ಬರೆದುಕೊಂಡು ಕೂತರೆ ಹಾಡು ಮುಗಿದಿರುತ್ತದೆ. ಬಟನ್ನೇ ಬೇಕು.

ಆದರೆ ಬಟನ್‌ಗಳನ್ನು ಸುಮ್ನೆ ಹರಡಬಾರದು. ವರ್ಚುವಲ್ ಕನ್ಸೋಲ್‌ನಲ್ಲಿ (ಸ್ಕ್ರೀನ್ ಮೇಲೆ ಬಟನ್ ಜೋಡಿಸುವ ಪುಟ) ಸೋಲೋ ಫ್ರೇಮ್ ಅಂತ ಇದೆ. ಅದರೊಳಗೆ ಒಂದು ಸಲಕ್ಕೆ ಒಂದೇ ಬಟನ್ ಆನ್ ಇರುತ್ತದೆ, ಇನ್ನೊಂದು ಒತ್ತಿದರೆ ಮೊದಲನೆಯದು ತಾನೇ ಆಫ್. ನಾನು ಬಣ್ಣಕ್ಕೆ ಒಂದು, ಚಲನೆಗೆ ಒಂದು, ಡಿಮ್ಮರ್ ಎಫೆಕ್ಟ್‌ಗೆ ಒಂದು ಫ್ರೇಮ್ ಇಟ್ಟಿದ್ದೇನೆ. ಕೆಂಪು ಒತ್ತಿದರೆ ನೀಲಿ ಹೋಗುತ್ತದೆ, ಗುಲಾಬಿಯ ಪ್ರಶ್ನೆಯೇ ಬರುವುದಿಲ್ಲ. ಸುತ್ತುವುದು ಮಾತ್ರ ನಡೆದೇ ಇರುತ್ತದೆ, ಯಾಕೆಂದರೆ ಅದು ಬೇರೆ ಫ್ರೇಮ್. ಪ್ರತಿ ಫ್ರೇಮ್‌ನಲ್ಲೂ ಕೊನೆಯ ಬಟನ್ "ಸುಮ್ಮನೆ ನಿಲ್ಲು". ಚಲನೆಯಲ್ಲಿ ಅದು ಹೆಡ್‌ಗಳನ್ನು ಗಾಯಕರ ಮೇಲೆ ತಂದು ನಿಲ್ಲಿಸುವ ಜಾಗದ ಸೀನ್.

ಸ್ಪೀಡ್ ಡಯಲ್‌ನಲ್ಲಿ ಟ್ಯಾಪ್ ಇದೆ, ತಾಳಕ್ಕೆ ಸರಿಯಾಗಿ ಬಡಿದರೆ ಸಾಕು. ನಿಮಿಷಕ್ಕೆ 120 ಬಡಿತ ಅಂದರೆ ಒಂದಕ್ಕೆ 500 ಮಿಲಿಸೆಕೆಂಡ್. ನಿಧಾನದ ಹಾಡಿಗೆ ಎರಡು ಬಡಿತಕ್ಕೊಮ್ಮೆ ಬಡಿಯಿರಿ, ನೋಡಲು ಸಮಾಧಾನ.

ಪ್ಯಾಚ್_ಪಟ್ಟಿ
ಸೋಲೋ ಫ್ರೇಮ್ ಒಪ್ಪಿದೆ. ನಾಟಕಕ್ಕೂ ಇದು ನಡೆಯುತ್ತದೆ. ಆದರೆ ನಾಟಕದಲ್ಲಿ ಆಪರೇಟರ್ ಕಣ್ಣು ನಟನ ಮೇಲೆ ಇರಬೇಕು, ಸ್ಕ್ರೀನ್ ಮೇಲಲ್ಲ. ಅದಕ್ಕೇ ಗೋ ಒಂದೇ ಇರಲಿ ಅನ್ನುತ್ತೇನೆ.

ಆರ್ಕೆಸ್ಟ್ರಾ_ಆಪರೇಟರ್
ನಮ್ಮ ಕಣ್ಣೂ ಗಾಯಕರ ಮೇಲೇ ಇರುತ್ತದೆ ಸರ್. ಮಿಡಿ ಪ್ಯಾಡ್ (ನಿಜವಾದ ಬಟನ್‌ಗಳಿರುವ ಪೆಟ್ಟಿಗೆ) ಒಂದು ಹಾಕಿಕೊಂಡರೆ ಬೆರಳಿಗೇ ಗೊತ್ತಾಗುತ್ತದೆ.

ಟ್ರಸ್_ಕೆಳಗೆ
ಇಬ್ಬರೂ ಸರಿ, ಕೆಲಸ ಬೇರೆ ಬೇರೆ. ದೊಡ್ಡ ಕನ್ಸೋಲ್‌ಗೆ ಹೋಗುವವರು ಒಂದು ನೆನಪಿಡಿ. ಅಲ್ಲಿ ಟ್ರ್ಯಾಕಿಂಗ್ ಇರುತ್ತದೆ. 12ನೇ ಕ್ಯೂನಲ್ಲಿ ಬರೆದ ಎಫೆಕ್ಟ್ 13, 14, 15 ಹೀಗೆ ಮುಂದಕ್ಕೆ ಹರಿಯುತ್ತಲೇ ಇರುತ್ತದೆ, ನೀವೇ ನಿಲ್ಲಿಸುವವರೆಗೆ. ಗ್ರ್ಯಾಂಡ್ ಎಂಎ 2ರಲ್ಲಿ ಹಾಗೆ ನಿಲ್ಲಿಸಲು ಸ್ಟಾಂಪ್ (Stomp) ಅಂತ ಕಮಾಂಡ್ ಇದೆ. ಯಾವ ಕನ್ಸೋಲ್ ಆದರೂ ಎಫೆಕ್ಟ್ ಶುರುವಾಗುವ ಕ್ಯೂ ಬರೆದ ಕೂಡಲೇ ಅದು ನಿಲ್ಲುವ ಕ್ಯೂ ಕೂಡ ಬರೆಯಿರಿ. ಆಮೇಲೆ ನೋಡೋಣ ಅಂತ ಬಿಟ್ಟರೆ ಶೋ ದಿನ ಅದು ಮೂರನೇ ಅಂಕದಲ್ಲಿ ಎದ್ದು ಬರುತ್ತದೆ.

ಕರಾವಳಿ_ಚಂಡೆ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ ಮಾರಾಯ್ರೇ. ಯಕ್ಷಗಾನಕ್ಕೂ ಈಗ ಈ ಎಲ್‌ಇಡಿ ಎಫೆಕ್ಟ್ ಹಾಕುತ್ತಿದ್ದಾರೆ. ರಾಕ್ಷಸ ವೇಷ ಬಂದ ಕೂಡಲೇ ನೀಲಿ, ಹಸಿರು ಚೇಸರ್. ಬಣ್ಣದ ವೇಷದ ಮುಖದ ಮೇಲೆ ಇರುವುದು ಕೆಂಪು, ಬಿಳಿ, ಕಪ್ಪು. ಬರೀ ನೀಲಿ ಎಲ್‌ಇಡಿ ಬಿಟ್ಟರೆ ಕೆಂಪು ಬಳಿದ ಜಾಗವೆಲ್ಲ ಕಪ್ಪಾಗಿ ಕಾಣುತ್ತದೆ, ಯಾಕೆಂದರೆ ಆ ಬೆಳಕಿನಲ್ಲಿ ಕೆಂಪೇ ಇಲ್ಲ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬರೆದ ಮುಖ ರಂಗದಲ್ಲಿ ಮಸಿ ಮೆತ್ತಿದ ಹಾಗೆ ಆಗುತ್ತದೆ. ನೋಡಿ ಹೊಟ್ಟೆ ಉರಿಯುತ್ತದೆ.

ಧಾರವಾಡ_ರಂಗ
ಇದು ಆಚೆಯ ವಿಷಯ ಅಲ್ಲ ರೀ, ಪದರದ್ದೇ ವಿಷಯ. ಮುಖಕ್ಕೆ ಎದುರಿನಿಂದ ಹಳದಿ ಛಾಯೆಯ ಬೆಚ್ಚಗಿನ ಬಿಳಿ ಒಂದು ಪದರ. ಅದನ್ನು ಯಾವ ಎಫೆಕ್ಟೂ ಮುಟ್ಟಬಾರದು. ಬಣ್ಣ ಓಡುವುದೆಲ್ಲ ಹಿಂದಿನಿಂದ, ಪಕ್ಕದಿಂದ ಮಾತ್ರ. ಸಾಫ್ಟ್‌ವೇರ್‌ನಲ್ಲಿ ಎದುರಿನ ದೀಪಗಳನ್ನು ಎಫೆಕ್ಟ್‌ನ ಗ್ರೂಪಿಗೇ ಸೇರಿಸಬೇಡಿ. ಸೇರಿಸಿದ್ದರೆ ತಾನೇ ಓಡುವುದು?

ಕರಾವಳಿ_ಚಂಡೆ
ಇದನ್ನು ಯಾರಾದರೂ ನಮ್ಮ ಕಡೆಯ ಲೈಟಿನವರಿಗೆ ಹೇಳಿ. ಇನ್ನೊಂದು, ಸ್ಟ್ರೋಬ್. ಅಜ್ಜ ಅಜ್ಜಿ, ಮಕ್ಕಳು ಎಲ್ಲ ಎದುರಿಗೇ ಕೂತಿರುತ್ತಾರೆ.

ಟ್ರಸ್_ಕೆಳಗೆ
ಸ್ಟ್ರೋಬ್ ಬಗ್ಗೆ ಎಲ್ಲರೂ ಗಂಭೀರವಾಗಿ ತೆಗೆದುಕೊಳ್ಳಿ. ಬೆಳಕು ಮಿನುಗಿದರೆ ಫಿಟ್ಸ್ ಬರುವವರು ಇದ್ದಾರೆ. ಸೆಕೆಂಡಿಗೆ 3ರಿಂದ 30 ಮಿನುಗು ಅಪಾಯದ ವಲಯ. ಕಾಲೇಜು ಫೆಸ್ಟ್‌ನಲ್ಲಿ ಹಾಡು ಪೂರ್ತಿ ಸ್ಟ್ರೋಬ್ ಬಿಡುವುದನ್ನು ನೋಡಿದ್ದೇನೆ. ಸ್ಟ್ರೋಬ್ ಪ್ರೀಸೆಟ್ ಇಟ್ಟರೆ ಒತ್ತಿ ಹಿಡಿದಾಗ ಮಾತ್ರ ಹೊಡೆಯುವ ಫ್ಲ್ಯಾಶ್ ಬಟನ್ ಮಾಡಿ, ಆನ್ ಆಫ್ ಬಟನ್ ಬೇಡ. ಕೈ ಬಿಟ್ಟರೆ ನಿಲ್ಲಬೇಕು. ಬಾಗಿಲಲ್ಲೊಂದು ಸೂಚನೆಯ ಬೋರ್ಡೂ ಹಾಕಿ.

ಸಾಗರದ_ಕಡೆಯವ
ನನ್ನದು ಬೇರೆ ಪ್ರಶ್ನೆ. ನಮ್ಮದು ತಿರುಗಾಡುವ ತಂಡ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ, ಅದನ್ನು ನೋಡಿಯೇ ನಾವು ಸಣ್ಣ ಮಟ್ಟದಲ್ಲಿ ಶುರು ಮಾಡಿದ್ದು. ಒಂದು ಊರಲ್ಲಿ ಒಳ್ಳೆಯ ರಂಗಮಂದಿರ, ಮರುದಿನ ಶಾಲೆಯ ಬಯಲು. ಪೈಪ್‌ನ ಎತ್ತರ ಬೇರೆ, ಅಗಲ ಬೇರೆ. ಮೂವಿಂಗ್ ಹೆಡ್ ಪೊಸಿಷನ್ ಪ್ರತಿ ಕ್ಯೂನಲ್ಲೂ ತಿದ್ದಬೇಕು. ಗ್ರ್ಯಾಂಡ್ ಎಂಎಯಲ್ಲಿ ಪ್ರೀಸೆಟ್ ಒಂದು ಕಡೆ ಅಪ್‌ಡೇಟ್ ಮಾಡಿದರೆ ಅದನ್ನು ಬಳಸಿದ ಎಲ್ಲ ಕ್ಯೂ ಬದಲಾಗುತ್ತದಂತೆ. ನಮ್ಮ ಬಜೆಟ್ಟಿಗೆ ಅದು ಎಟುಕುವುದಿಲ್ಲ. ಏನು ಮಾಡೋಣ?

ಪ್ಯಾಚ್_ಪಟ್ಟಿ
ಉಚಿತ ಸಾಫ್ಟ್‌ವೇರ್‌ನಲ್ಲೂ ಆಗುತ್ತದೆ. ಕ್ಯೂಎಲ್‌ಸಿ ಪ್ಲಸ್ 5ರಲ್ಲಿ ಪ್ಯಾಲೆಟ್ ಅಂತಲೇ ಬಂದಿದೆ. 4ರಲ್ಲೇ ಇರುವುದಾದರೆ ಕಲೆಕ್ಷನ್‌ನಿಂದ ಅದೇ ಫಲ ಪಡೆಯಬಹುದು. "ಜಾಗ ಮಧ್ಯೆ ಮುಂದೆ", "ಜಾಗ ಎಡ ಬಾಗಿಲು", "ಜಾಗ ಕಟ್ಟೆ" ಹೀಗೆ ನಾಟಕಕ್ಕೆ ಬೇಕಾದ ಜಾಗಗಳ ಸೀನ್ ಮಾಡಿ, ಪ್ಯಾನ್ ಟಿಲ್ಟ್ ಮಾತ್ರ ಇರಲಿ. ಪ್ರತಿ ಕ್ಯೂ ಒಂದು ಕಲೆಕ್ಷನ್: ಒಂದು ಜಾಗ, ಒಂದು ಬಣ್ಣ, ಒಂದು ಬೆಳಕು, ಬೇಕಿದ್ದರೆ ಒಂದು ಎಫೆಕ್ಟ್. ಕಲೆಕ್ಷನ್ ಬೆಲೆಗಳನ್ನು ನಕಲು ಮಾಡಿಕೊಳ್ಳುವುದಿಲ್ಲ, ಆ ಸೀನನ್ನೇ ಕರೆಯುತ್ತದೆ. ಹಾಗಾಗಿ "ಜಾಗ ಎಡ ಬಾಗಿಲು" ಒಂದನ್ನು ತಿದ್ದಿದರೆ ಅದನ್ನು ಕರೆಯುವ ಎಲ್ಲ ಕ್ಯೂ ಸರಿಯಾಗುತ್ತದೆ.

ಊರು ತಲುಪಿದ ಮೇಲೆ ಕೆಲಸ ಇಷ್ಟೇ. ನೆಲದ ಮೇಲೆ ಟೇಪ್ ಅಂಟಿಸಿದ ಕಡೆ ಒಬ್ಬರನ್ನು ನಿಲ್ಲಿಸಿ. ಒಂದೊಂದು ಜಾಗದ ಸೀನ್ ತೆಗೆದು ಹೆಡ್‌ಗಳನ್ನು ಅವರ ಎದೆಗೆ ತಂದು ಉಳಿಸಿ. ಸುತ್ತುವ ಇಎಫ್‌ಎಕ್ಸ್‌ಗೆ ರಿಲೇಟಿವ್ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿದರೆ ಎಫೆಕ್ಟ್ ಆ ಜಾಗದ ಸುತ್ತಲೇ ಆಡುತ್ತದೆ, ಎಫೆಕ್ಟನ್ನು ಬೇರೆ ತಿದ್ದುವ ಕೆಲಸ ತಪ್ಪುತ್ತದೆ.

ಸಾಗರದ_ಕಡೆಯವ
ಇದು ನಿಜವಾಗಿ ಉಪಕಾರ. ಹೆಡ್‌ಗಳು ನಿಧಾನಕ್ಕೆ ಹೋಗುವಾಗ ಜರಕ್ ಜರಕ್ ಅಂತ ಹೋಗುತ್ತವೆ, ಅದಕ್ಕೂ ಮದ್ದಿದೆಯಾ?

ಹೇಜ್_ಹುಡುಗ
8 ಬಿಟ್ ಮೋಡ್‌ನಲ್ಲಿ ಇಟ್ಟಿರುತ್ತೀರಿ. ಪ್ಯಾನ್ 540 ಡಿಗ್ರಿ, ಅದನ್ನು 255 ಹೆಜ್ಜೆಗೆ ಹಂಚಿದರೆ ಒಂದು ಹೆಜ್ಜೆ 2 ಡಿಗ್ರಿಗೂ ಜಾಸ್ತಿ. ಹತ್ತು ಮೀಟರ್ ದೂರದಲ್ಲಿ ಬೆಳಕಿನ ವೃತ್ತ ಒಂದೊಂದು ಸಲಕ್ಕೆ ಸುಮಾರು 37 ಸೆಂಟಿಮೀಟರ್ ಹಾರುತ್ತದೆ. ಪ್ಯಾನ್ ಫೈನ್, ಟಿಲ್ಟ್ ಫೈನ್ ಇರುವ 16 ಬಿಟ್ ಮೋಡ್‌ಗೆ ಹಾಕಿ, ಪ್ಯಾಚ್‌ನಲ್ಲೂ (ಸಾಫ್ಟ್‌ವೇರ್‌ನ ದೀಪಗಳ ಪಟ್ಟಿ) ಅದೇ ಮೋಡ್ ಆರಿಸಿ. ಅಲ್ಲಿ 65,536 ಬೆಲೆ, ಜರಕ್ ಕಾಣುವುದಿಲ್ಲ.

ಫೇಡರ್‌ಮ್ಯಾನ್
ನಮ್ಮ ಕಾಲದಲ್ಲಿ ಆರು ಡಿಮ್ಮರ್, ಜೆಲ್ ಹಾಳೆ ಇಷ್ಟರಲ್ಲೇ ಮಳೆ ತರಿಸುತ್ತಿದ್ದೆವು. ನಟ ತಲೆ ಒರೆಸಿಕೊಂಡು ಒಳಗೆ ಬಂದರೆ ಜನಕ್ಕೆ ಮಳೆ ಕಾಣುತ್ತದೆ. ಇಷ್ಟೊಂದು ಪದರ ಬೇಕಾ ಅಂತ ಒಮ್ಮೆ ನಿರ್ದೇಶಕರ ಜೊತೆ ಕೂತು ಯೋಚಿಸಿ. ಇದನ್ನು ಬೈಯಲು ಹೇಳುತ್ತಿಲ್ಲ.

ಹಿಂಪರದೆ
ಕೂತೆವು ಸರ್. ಸುತ್ತುವ ಇಎಫ್‌ಎಕ್ಸ್ ತೆಗೆದೇಬಿಟ್ಟೆವು, ಮಾತಿನ ಮೇಲೆ ಗಮನ ಹೋಗುತ್ತಿರಲಿಲ್ಲ. ಮಳೆ ಮತ್ತು ಮಿಂಚು ಉಳಿಸಿಕೊಂಡೆವು. ಕಲೆಕ್ಷನ್‌ಗೆ ಹಾಕಿದ ಮೇಲೆ ಗೋ ಒತ್ತಿದರೆ ಕತ್ತಲೆ ಬರುತ್ತಿದೆ, ಕೆಂಪೂ ಕೆಂಪಾಗಿಯೇ ಬರುತ್ತಿದೆ. ಸೀನ್‌ಗಳನ್ನು ಬಣ್ಣ, ಜಾಗ, ಬೆಳಕು ಅಂತ ಒಡೆದಿದ್ದೇನೆ, ಪಟ್ಟಿ ಅರ್ಧಕ್ಕಿಂತ ಕಡಿಮೆ ಆಯಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನೊಂದೇ ಉಳಿದಿದೆ. ಕೊನೆಯ ಎರಡು ಪಾರ್ ಯಾವ ಎಫೆಕ್ಟ್ ಇಲ್ಲದಿದ್ದರೂ ಆಗಾಗ ಪಟಪಟ ಮಿನುಗುತ್ತವೆ. ಇದೂ ಪದರದ ತೊಂದರೆಯಾ?

ಧಾರವಾಡ_ರಂಗ
ಅಲ್ಲ ರೀ, ಕೇಬಲ್. ಮೈಕ್ ಕೇಬಲ್ ಹಾಕಿದ್ದೀರಾ? ಪಿನ್ ಒಂದೇ ಥರ ಇದ್ದರೂ ಅದು ಡಿಎಂಎಕ್ಸ್‌ಗೆ ಆಗುವ ಕೇಬಲ್ ಅಲ್ಲ. ಮತ್ತೆ ಕೊನೆಯ ಪಾರ್‌ನ ಔಟ್‌ನಲ್ಲಿ ಟರ್ಮಿನೇಟರ್ (ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ಪ್ಲಗ್) ಹಾಕಿರಿ. ಎಕ್ಸ್‌ಎಲ್‌ಆರ್ ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿದರೆ ಆಯಿತು, ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ.

ಹಿಂಪರದೆ
ಮೈಕ್ ಕೇಬಲ್ಲೇ ಇದೆ. ನಾಳೆ ರೆಸಿಸ್ಟರ್ ತರುತ್ತೇನೆ.

ಹೇಜ್_ಹುಡುಗ
ಕನೆಕ್ಟರ್ ಎರಡು ಮಾಡಿಕೊಳ್ಳಿ. ಶೋ ಬಿಚ್ಚುವಾಗ ಒಂದು ಖಂಡಿತ ಕಳೆಯುತ್ತದೆ. ಶೋ ಫೈಲನ್ನೂ ಪೆನ್ ಡ್ರೈವ್‌ಗೆ ಹಾಕಿ ಬೇರೆಯವರ ಕೈಯಲ್ಲಿ ಕೊಟ್ಟಿಡಿ.